ಎಡಬಾಗಿಲ ಸ್ಪೀಕರ್

ಕೊಡಿಗೇಹಳ್ಳಿ
12 ಫೆಬ್ರವರಿ 2025

ಚಿರಂಜೀವಿ ವಿಜಯ್ ಕುಮಾರನಿಗೆ ಅಮ್ಮನ ಆಶೀರ್ವಾದ.

ಕೊಡಿಗೇಹಳ್ಳಿಯಿಂದ ಆರ್.ಟಿ. ನಗರಕ್ಕೆ ಕಾಗದ ಬರೆಯುವವಳು ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ಒಂದು ಬಸ್ಸು ಹತ್ತಿದರೆ ಮುಗಿಯುವ ದಾರಿ. ನೀನು ಆ ಬಸ್ಸು ಹತ್ತುವುದಿಲ್ಲ, ನನಗೆ ಮಂಡಿನೋವು. ಫೋನು ಮಾಡಿದರೆ ನೀನು ಹೇಳುವುದು ಒಂದೂ ತಿಳಿಯುವುದಿಲ್ಲ, ಎಲ್ಲದಕ್ಕೂ ಹೂಂ ಅಂದು ಇಟ್ಟುಬಿಡುತ್ತೇನೆ. ವಾಟ್ಸಾಪ್ ಇರುವುದು ನಿಮ್ಮಪ್ಪನ ಫೋನಿನಲ್ಲಿ. ಪಕ್ಕದ ಮನೆ ಜೈಬುನ್ನೀಸಾ ದಿನಾ ನಿಮ್ಮ ಕಡೆಯೇ ಇರುವ ತನ್ನ ತಂಗಿಯ ಟೈಲರಿಂಗ್ ಅಂಗಡಿಗೆ ಹೋಗುತ್ತಾಳೆ, ಅವಳ ಕೈಗೆ ಕೊಡುತ್ತಿದ್ದೇನೆ. "ಏನ್ ಮುನಿಕೃಷ್ಣಮ್ಮ, ನನ್ನನ್ನ ಪೋಸ್ಟ್‌ಮ್ಯಾನ್ ಮಾಡ್ಬಿಟ್ರಿ. ಒಂದು ಖಾಕಿ ಡ್ರೆಸ್ ಹೊಲ್ಕೊಂಡ್ಬಿಡ್ಲಾ" ಅಂದಳು.

ಯಲಹಂಕದಲ್ಲಿ ಏರ್ ಶೋ ನಡೆಯುತ್ತಿದೆ. ವಿಮಾನಗಳು ನಮ್ಮ ತಾರಸಿ ಸವರಿಕೊಂಡು ಹೋಗುತ್ತವೆ. ಬೀದಿಯವರೆಲ್ಲ ಕಿವಿ ಮುಚ್ಚಿಕೊಳ್ಳುತ್ತಾರೆ. ಅವರನ್ನು ನೋಡಿಕೊಂಡು ನಾನೂ ಮುಚ್ಚಿಕೊಳ್ಳುತ್ತೇನೆ. ನನ್ನ ಕಿವಿ ಅಲ್ಲಿಗೆ ಬಂದಿದೆ.

ಈಗ ವಿಷಯ. ಕಾರು ಮಾರುತ್ತಿದ್ದಾರೆ. ನಿಮ್ಮಪ್ಪನ ಕಣ್ಣಿನಲ್ಲಿ ಒತ್ತಡ ಜಾಸ್ತಿಯಾಗಿದೆಯಂತೆ, ಪಕ್ಕದಿಂದ ಬರುವುದು ಕಾಣಿಸುವುದಿಲ್ಲ, ಇನ್ನು ಸ್ಟೀರಿಂಗ್ ಹಿಡಿಯಬೇಡಿ ಎಂದು ಡಾಕ್ಟರು ಹೇಳಿಬಿಟ್ಟರು. ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಒಬ್ಬ ಬೈಕಿನವನನ್ನು ಸ್ವಲ್ಪದರಲ್ಲೇ ತಪ್ಪಿಸಿದರು. ಅವತ್ತೇ ಬೀಗದ ಕೈ ತಂದು ದೇವರ ಗೂಡಿನಲ್ಲಿ ಇಟ್ಟರು.

ಬ್ರೋಕರ್ ಚಿಕ್ಕಮಾರಯ್ಯ ಬಂದು ಕಾರಿನ ಬಾಗಿಲು ಬಡಿದು ನೋಡಿದ. "ಇಂಗಿದ್ರೆ ಆಗಾಕಿಲ್ಲ ಅನುಮಯ್ನೋರೇ. ಸ್ಪೀಕರ್ ಚೇಂಜ್ ಆಗೈತೆ. ತಗೊಳೋರು ವೈರು ಕತ್ತರಿಸವ್ರೆ ಅಂತ ರಾಗ ಎಳೀತಾರೆ. ಕಂಪ್ನಿದು ಆಕ್ಸಿ, ಕಾರು ಎಂಗೆ ಬಂತೋ ಅಂಗೇ ಮಾಡ್ಸಿ" ಅಂದ. ನಿಮ್ಮಪ್ಪ ಗೋಡೆ ಕಡೆ ತಿರುಗಿಕೊಂಡು, "ತೆಗೆದೋನೇ ಬಂದು ಹಾಕ್ಲಿ" ಅಂದರು. ನಿನ್ನ ಹೆಸರು ಹೇಳಲಿಲ್ಲ. ಆದರೂ ಇಷ್ಟು ವರ್ಷಕ್ಕೆ ನಿನ್ನ ವಿಷಯವಾಗಿ ಅವರ ಬಾಯಿಂದ ಬಂದ ಮೊದಲ ಮಾತು ಅದು, ಅದಕ್ಕೇ ಬರೆಯಲು ಕೂತೆ.

ನೀನು ಆ ಸ್ಪೀಕರ್ ಹಾಕಿದ ದಿನವೇ ಅಲ್ಲವೇ ನಮ್ಮ ಮನೆ ಎರಡಾಗಿದ್ದು. ತಮ್ಮ ಕಡೆ ಸದ್ದೇ ಬರುವುದಿಲ್ಲ ಅಂತ ಅವರು ನಿನ್ನ ಕೆಲಸವನ್ನು ಗೇಟಿನ ಮುಂದೆ ಹೀಯಾಳಿಸಿದರು. ನೀನು ತುಟಿ ಬಿಚ್ಚದೆ ಬ್ಯಾಗು ತೆಗೆದುಕೊಂಡು ಹೋದೆ. ಅದನ್ನು ಈಗ ಕೆದಕಲು ನನಗೆ ಶಕ್ತಿ ಇಲ್ಲ.

ಒಂದು ಮಾತ್ರ ಹೇಳುತ್ತೇನೆ. ಮನೆಯಲ್ಲಿ ಟಿವಿ ಎಷ್ಟು ಜೋರು ಮಾಡಿದರೂ ನನಗೆ ಬರೀ ಗಜಿಬಿಜಿ. ಮಾತು ಮಾತಾಗಿ ಕೇಳಿಸುವುದು ಆ ಕಾರಿನಲ್ಲಿ ಮಾತ್ರ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಹೋಗಿ ಮುಂದಿನ ಸೀಟಿನಲ್ಲಿ ಕೂತು ಗಾಜು ಏರಿಸಿಕೊಂಡು ರೇಡಿಯೋ ಹಾಕಿಕೊಳ್ಳುತ್ತೇನೆ. ಕಾರು ಹೋದರೆ ಅದೂ ಹೋಗುತ್ತದೆ. ಹೋಗಲಿ, ಕಣ್ಣಿಲ್ಲದೆ ಓಡಿಸಿ ಯಾರ ಮೇಲಾದರೂ ಹತ್ತಿಸುವುದಕ್ಕಿಂತ ವಾಸಿ. ಆದರೂ ಬೇಜಾರಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಹಳೆಯ ಸ್ಪೀಕರ್ ಎಲ್ಲಿದೆ, ಬರೆ.

ಇತಿ,
ಅಮ್ಮ


ಆರ್.ಟಿ. ನಗರ
20 ಫೆಬ್ರವರಿ 2025

ಅಮ್ಮ,

ಜೈಬುನ್ನೀಸಾ ಆಂಟಿ ಕಾಗದ ಕೊಟ್ಟು, ಉತ್ತರ ಬರೆಯುವವರೆಗೆ ನಮ್ಮ ಸ್ಟೀರಿಯೋ ಅಂಗಡಿ ಬಾಗಿಲಲ್ಲೇ ನಿಲ್ಲುತ್ತೇನೆ ಅಂದರು. ಇವತ್ತು ನಾಳೆ ಅಂತ ಒಂದು ವಾರ ದಬ್ಬಿದೆ. ಬೆಳಗ್ಗೆಯಿಂದ ಕಾರು ಬಾಗಿಲುಗಳ ಒಳಗಿನ ಡೋರ್ ಪ್ಯಾಡ್ ಬಿಚ್ಚಿ ಬಿಚ್ಚಿ ಬೆರಳು ಮರಗಟ್ಟಿರುತ್ತದೆ, ಪೆನ್ನು ಹಿಡಿಯಲು ಮನಸ್ಸು ಬರುವುದಿಲ್ಲ. ನೀವೆಲ್ಲ ಹಬ್ಬಕ್ಕೆ ಕಾರು ತೊಳೆಸುತ್ತೀರಿ, ನಮಗೆ ಆ ತಿಂಗಳು ಊಟಕ್ಕೂ ಬಿಡುವಿಲ್ಲ.

ಹಳೆಯ ಸ್ಪೀಕರ್ ಅಟ್ಟದಲ್ಲಿದೆ, ಬಚ್ಚಲಿನ ಹಳೆ ಹಂಡೆಯ ಹಿಂದೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಹೊಸದು ಯಾವ ಡಬ್ಬದಲ್ಲಿ ಬಂತೋ ಅದೇ ಡಬ್ಬಕ್ಕೆ ಬಿಚ್ಚಿದ ಕಂಪನಿ ಸ್ಪೀಕರ್ ಇಟ್ಟು, ಟೇಪ್ ಹಾಕಿ, ಯಜಮಾನರ ಕೈಗೆ ಕೊಡಬೇಕು. ಕಾರು ಮಾರುವಾಗ ಬೇಕಾಗುತ್ತದೆ ಅಂತ ಹೇಳಿ ಕೊಡುತ್ತೇವೆ. ಅವತ್ತು ಅವರು ಕೈ ಚಾಚಲಿಲ್ಲ. ನಾನೇ ಅಟ್ಟ ಹತ್ತಿ ಇಟ್ಟು ಬಂದೆ.

ವೈರು ಎಲ್ಲೂ ಕತ್ತರಿಸಿಲ್ಲ ಅಂತ ಆ ಬ್ರೋಕರ್‌ಗೆ ಹೇಳು. ಸಾಕೆಟ್ ಹಾಕಿದ್ದೇನೆ, ಎಳೆದರೆ ಬರುತ್ತದೆ, ಒತ್ತಿದರೆ ಕೂರುತ್ತದೆ. ಕೊಡಿಗೇಹಳ್ಳಿ ಗೇಟಿನ ಹತ್ತಿರ ಯಾರನ್ನು ಕರೆದರೂ ಮಾಡಿಕೊಡುತ್ತಾರೆ. ನಾನೇ ಬರಬೇಕು ಅನ್ನುವ ಕೆಲಸವಲ್ಲ. ನನ್ನ ಕೆಲಸ ಸರಿ ಇಲ್ಲ ಅಂತ ಒಂದು ಸಲ ಕೇಳಿದ್ದು ಸಾಕು, ಅದೇ ಗೇಟಿನ ಮುಂದೆ ಮತ್ತೆ ನಿಲ್ಲಲು ನನಗೂ ಆಗುವುದಿಲ್ಲ.

ನಿನ್ನ ಎಡಗಿವಿ ಈಗ ಹೇಗಿದೆ? ಅದೂ ಕಡಿಮೆಯಾಗುತ್ತಿದೆಯಾ?

ವಿಜಿ


ಕೊಡಿಗೇಹಳ್ಳಿ
9 ಮಾರ್ಚ್ 2025

ಚಿರಂಜೀವಿ ವಿಜಿಗೆ,

ನಿನ್ನ ಕಾಗದದ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ಯಾವ ಕಿವಿ ಅಂತ ನಾನು ನಿನಗೆ ಹೇಳಿಯೇ ಇರಲಿಲ್ಲ. ಬಲಗಿವಿ ಹೋಗಿ ಬಹಳ ವರ್ಷವಾಯಿತು, ನೀನು ಮನೆಯಲ್ಲಿದ್ದಾಗಲೇ ಹೋಗಿತ್ತು. ಅಂಗನವಾಡಿಯಲ್ಲಿ ಗೊತ್ತಾದರೆ, ಮಗು ಅತ್ತರೂ ಟೀಚರಿಗೆ ಕೇಳಿಸುವುದಿಲ್ಲ ಅಂತ ತೆಗೆದುಹಾಕುತ್ತಾರೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನಿಮ್ಮಪ್ಪನಿಗೂ ಹೇಳಲಿಲ್ಲ. ರಿಟೈರ್ ಆದಮೇಲೆ ಹೇಳಿದೆ. ಕಿವಿಗೆ ಮಿಷನ್ ತಂದುಕೊಟ್ಟರು. ಅದು ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತದೆ, ಬೀರುವಿನಲ್ಲಿದೆ. ನಿನಗೆ ಎಡಗಿವಿಯ ಸುದ್ದಿ ಯಾರು ಹೇಳಿದ್ದು?

ಇಲ್ಲಿ ಒಂದು ತಮಾಷೆ ನಡೆಯಿತು. ಗೇಟಿನ ಹತ್ತಿರದ ಅಂಗಡಿಯಿಂದ ಒಬ್ಬ ಫಿಟ್ಟರ್ ಬಂದ. ಬಿಚ್ಚುವ ಮೊದಲು ಹಾಡು ಹಾಕಿ ನೋಡಿ, ನಿಮ್ಮಪ್ಪನ ಕಡೆ ತಿರುಗಿ ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಅಲ್ಲೇ ನಿಂತಿದ್ದ ಜೈಬುನ್ನೀಸಾ ಆಮೇಲೆ ಕೂಗಿ ಕೂಗಿ ಹೇಳಿದಳು: "ಸರ್, ಯಾರ್ ಗುರು ಇದನ್ನ ಹಾಕಿದ್ದು, ಸೂಪರಾಗಿ ಹಾಕಿದಾರೆ. ಬ್ಯಾಲೆನ್ಸ್ ಮಾತ್ರ ಪೂರ್ತಿ ಎಡಗಡೆ ತಳ್ಳಿದೀರ, ಅದಕ್ಕೇ ನಿಮ್ ಕಡೆ ಸೌಂಡಿಲ್ಲ. ಮಧ್ಯಕ್ಕೆ ಇಟ್ಟಿದೀನಿ ನೋಡಿ" ಅಂದನಂತೆ. ನಿಮ್ಮಪ್ಪ ಮುಖ ಗಂಟಿಕ್ಕಿಕೊಂಡು, "ಯಾರ್ ನಿನ್ನ ಮುಟ್ಟು ಅಂದಿದ್ದು, ಇವತ್ತು ಬೇಡ ಹೋಗು" ಅಂತ ಕಳಿಸಿಬಿಟ್ಟರು. ಅಷ್ಟು ಹೊಗಳಿದವನನ್ನು ಯಾಕೆ ಓಡಿಸಿದರೋ.

ಅವತ್ತು ಮಧ್ಯಾಹ್ನ ಕಾರಿನಲ್ಲಿ ಕೂತರೆ ರೇಡಿಯೋ ದೂರ ಹೋದ ಹಾಗಾಯಿತು. ಎಷ್ಟು ತಿರುಗಿಸಿದರೂ ಮಾತು ಕೈಗೆ ಸಿಗುವುದಿಲ್ಲ. ಎಡಗಿವಿಯೂ ಹೋಯಿತು ಅಂದುಕೊಂಡೆ. ಅಲ್ಲೇ ಕೂತು ಅತ್ತೆ ಕಣೋ. ಸಂಜೆ ಸಾರಿಗೆ ಉಪ್ಪು ಹಾಕಲಿಲ್ಲ, ನಿಮ್ಮಪ್ಪ ಸುಮ್ಮನೆ ಉಂಡು ಎದ್ದರು. ಮಾರನೆಯ ದಿನ ಹೆದರಿಕೊಂಡೇ ಹೋಗಿ ಕೂತರೆ ಎಲ್ಲಾ ಮೊದಲಿನ ಹಾಗೆ ಸ್ವಚ್ಛವಾಗಿ ಕೇಳಿಸಿತು. ಏನಾಯಿತೋ ತಿಳಿಯಲಿಲ್ಲ. ನಿನಗೆ ತಿಳಿದರೆ ಬರೆ.

ಚಿಕ್ಕಮಾರಯ್ಯ ಕರೆತಂದ ಗಿರಾಕಿ ಇನ್ನೂ ಯೋಚನೆ ಮಾಡುತ್ತಿದ್ದಾನೆ. ಮಾಡಲಿ, ನನಗೆ ಅಷ್ಟು ದಿನ ಸಿಕ್ಕಿತು.

ಇತಿ,
ಅಮ್ಮ


ಆರ್.ಟಿ. ನಗರ
24 ಮಾರ್ಚ್ 2025

ಅಮ್ಮ,

ಇದನ್ನು ಬರೆಯಲು ಎರಡು ಸಲ ಕೂತು ಎದ್ದೆ. ಈಗ ನೀನೇ ಕಿವಿಯ ವಿಷಯ ಹೇಳಿದ್ದೀಯ, ಅಂಗನವಾಡಿಯ ಭಯವೂ ಇಲ್ಲ. ಹೇಳುತ್ತೇನೆ.

ನಿನ್ನ ಕಿವಿಯ ಸುದ್ದಿ ಯಾರೂ ಹೇಳಲಿಲ್ಲ. ಊಟಕ್ಕೆ ಕೂತಾಗ ನನ್ನನ್ನು ಯಾವಾಗಲೂ ಎಡಗಡೆಗೆ ಕೂರಿಸಿಕೊಳ್ಳುತ್ತಿದ್ದೆ. ಯಾರಾದರೂ ಬಲಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. ಅಂಗನವಾಡಿಯ ಮಕ್ಕಳು ಕೂಡ ಟೀಚರ್ ಅಂತ ಕೂಗದೆ ನಿನ್ನ ಎಡಗಡೆ ಬಂದು ಸೆರಗು ಎಳೆಯುತ್ತಿದ್ದವು. ಅವಕ್ಕೆ ಗೊತ್ತಿತ್ತು, ನನಗೂ ಗೊತ್ತಿತ್ತು. ನೀನು ಮುಚ್ಚಿಡುತ್ತಿದ್ದೀಯ ಅಂತಲೂ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಕಾರಿನಲ್ಲಿ ನೀನು ಕೂರುವುದು ಎಡಗಡೆ ಸೀಟಿನಲ್ಲಿ. ನಿನ್ನ ಒಳ್ಳೆಯ ಕಿವಿ ಎಡಬಾಗಿಲಿನ ಕಡೆಗಿರುತ್ತದೆ. ಕಂಪನಿಯವರು ಕೊಟ್ಟಿದ್ದು ತೆಳುವಾದ ಕಾಗದದ ಸ್ಪೀಕರ್, ಅದರಲ್ಲಿ ಮಾತು ಮುದ್ದೆಯಾಗಿ ಬರುತ್ತಿತ್ತು. ಮಾತು ಬಿಡಿಬಿಡಿಯಾಗಿ ಕೇಳಿಸುವಂಥದ್ದು ಹುಡುಕಿ ತಂದು ಎರಡೂ ಬಾಗಿಲಿಗೆ ಹಾಕಿದೆ. ಆಮೇಲೆ ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ಇಟ್ಟೆ. ಬ್ಯಾಲೆನ್ಸ್ ಅಂದರೆ ಇಷ್ಟೇ: ಸದ್ದನ್ನೆಲ್ಲ ಒಂದೇ ಬಾಗಿಲಿನ ಕಡೆಗೆ ಕಳಿಸುವುದು. ನಿನ್ನ ಬಾಗಿಲು ಮಾತಾಡುತ್ತದೆ, ಅಪ್ಪನ ಬಾಗಿಲು ಸುಮ್ಮನಿರುತ್ತದೆ. ಸ್ಪೀಕರ್ ಕೆಟ್ಟಿರಲಿಲ್ಲ.

ಅವತ್ತು ಅವರು ತಮ್ಮ ಗೆಳೆಯ ಸೋಮನಾಥ ಅಂಕಲ್ ಜೊತೆ ಒಂದು ರೌಂಡ್ ಹೋಗಿ ಬಂದು ಗೇಟಿನ ಮುಂದೆ ಇಳಿದರು. ಎದುರು ಮನೆಯವರೂ ನಿಂತಿದ್ದರು. "ನನ್ ಕಡೆ ಉಸಿರೇ ಇಲ್ಲ. ಡಿಪ್ಲೊಮಾ ಬಿಟ್ಟು ಹೋಗಿ ಕಲ್ತಿದ್ದು ಇದನ್ನಾ? ಎರಡು ಬಾಗ್ಲಲ್ಲಿ ಒಂದನ್ನ ಸರಿಯಾಗಿ ಹಾಕಕ್ಕಾಗಿಲ್ಲ ನಿನ್ ಕೈಲಿ" ಅಂದರು. ಬೇಕು ಅಂತಲೇ ಹಾಗೆ ಇಟ್ಟಿದ್ದೀನಿ ಅಂತ ಹೇಳಿದ್ದರೆ, ಯಾಕೆ ಅನ್ನುತ್ತಿದ್ದರು. ಯಾಕೆ ಅಂತ ಹೇಳಿದ್ದರೆ ನಿನ್ನ ಕಿವಿಯ ವಿಷಯ ಬೀದಿಗೆ ಬೀಳುತ್ತಿತ್ತು. ಅದಕ್ಕೆ ಬಾಯಿ ಬಿಡಲಿಲ್ಲ. ಸಿಟ್ಟು ಆಮೇಲೆ ಆರಿತು, ವಾಪಸ್ ಬರುವ ಉತ್ಸಾಹವೂ ಅದರ ಜೊತೆಗೇ ಆರಿಹೋಯಿತು.

ಆ ಫಿಟ್ಟರ್ ಬ್ಯಾಲೆನ್ಸ್ ಮಧ್ಯಕ್ಕೆ ತಂದಿದ್ದಕ್ಕೇ ನಿನಗೆ ಅವತ್ತು ಕೇಳಿಸಲಿಲ್ಲ. ನಿನ್ನ ಎಡಗಿವಿ ಚೆನ್ನಾಗಿದೆ, ಹೆದರಬೇಡ. ಆದರೆ ಮಾರನೆಯ ದಿನ ಅದು ತಾನಾಗಿಯೇ ಎಡಕ್ಕೆ ಹೋಗುವುದಿಲ್ಲ. ಯಾರೋ ಹೋಗಿ ಇಡಬೇಕು. ಅದು ಮೂರು ಬಟನ್ ಒತ್ತಿದರೆ ಬರುವ ಸೆಟ್ಟಿಂಗು, ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ.

ಇನ್ನೊಂದು ವಿಷಯ ತಲೆ ತಿನ್ನುತ್ತಿದೆ. ಬ್ಯಾಟರಿ ಬಿಚ್ಚಿದರೆ ಆ ಸ್ಟೀರಿಯೋ ಎಲ್ಲವನ್ನೂ ಮರೆಯುತ್ತದೆ. ಗಡಿಯಾರ ಹನ್ನೆರಡಕ್ಕೆ ಬರುತ್ತದೆ, ಬ್ಯಾಲೆನ್ಸ್ ಮಧ್ಯಕ್ಕೆ ಬರುತ್ತದೆ. ನಾನು ಮನೆ ಬಿಟ್ಟು ಇಷ್ಟು ವರ್ಷವಾಯಿತು. ಈ ನಡುವೆ ಆ ಕಾರಿನ ಬ್ಯಾಟರಿ ಬದಲಾಯಿಸಿದ್ದೀರಾ? ಯಾರು ಬದಲಾಯಿಸಿದ್ದು?

ವಿಜಿ


ಕೊಡಿಗೇಹಳ್ಳಿ
8 ಏಪ್ರಿಲ್ 2025

ವಿಜಿ,

ಯುಗಾದಿಗೆ ಒಬ್ಬಟ್ಟು ಕಳಿಸಿದ್ದೆ, ತಲುಪಿತಂತೆ. ಅರ್ಧ ಜೈಬುನ್ನೀಸಾಳೇ ತಿಂದಿರುತ್ತಾಳೆ, ತಿನ್ನಲಿ, ಓಡಾಡಿ ಸಾಕಾಗಿದ್ದಾಳೆ.

ಬ್ಯಾಟರಿ ಎರಡು ಸಲ ಹೊಸದು ತಂದರು. ಮಧ್ಯೆ ಮಧ್ಯೆ ಬಿಚ್ಚಿಕೊಂಡು ಹೋಗಿ ಚಾರ್ಜ್ ಹಾಕಿಸಿದ್ದಕ್ಕೆ ಲೆಕ್ಕವೇ ಇಲ್ಲ. ನಾನು ಇಂಜಿನ್ ಹಾಕದೆ ದಿನಾ ರೇಡಿಯೋ ಕೇಳುತ್ತೇನಲ್ಲ, ಇಳಿದು ಹೋಗುತ್ತಿತ್ತು. ನಿಮ್ಮಪ್ಪ ನನ್ನನ್ನು ಒಂದು ದಿನ ಬೈಯಲಿಲ್ಲ. "ದರಿದ್ರ ಬ್ಯಾಟ್ರಿ" ಅಂತ ಅದನ್ನೇ ಬೈಯುತ್ತಾ ಬಿಚ್ಚುತ್ತಿದ್ದರು, ಅವರೇ ತಂದು ಕೂರಿಸುತ್ತಿದ್ದರು. ಬೇರೆ ಯಾರನ್ನೂ ಮುಟ್ಟಲು ಬಿಟ್ಟವರಲ್ಲ. ಆ ಫಿಟ್ಟರ್ ಬಂದ ದಿನ ಬಿಟ್ಟರೆ ಒಂದು ದಿನವೂ ನನಗೆ ಕೇಳಿಸದೇ ಹೋಗಿರಲಿಲ್ಲ.

ನಿನ್ನ ಕಾಗದ ಓದಿದ ಮೇಲೆ ಹೋಗಿ ಎದುರಿಗೆ ನಿಂತೆ. ಕಣ್ಣಿಗೆ ಡ್ರಾಪ್ಸ್ ಬಿಟ್ಟುಕೊಂಡು ತಲೆ ಮೇಲೆತ್ತಿ ಕೂತಿದ್ದರು.

"ಆ ಬ್ಯಾಲೆನ್ಸ್‌ನ ಎಡಕ್ಕೆ ಇಡ್ತಿದ್ದಿದ್ದು ನೀವೇನಾ" ಅಂದೆ.

ನನಗೆ ಕೇಳಿಸಲಿ ಅಂತ ಎದ್ದು ಬಂದು ನನ್ನ ಎಡಗಡೆ ನಿಂತರು. "ಮಧ್ಯಕ್ಕೆ ಬಂದ್ರೆ ನೀನು ಒದ್ದಾಡ್ತೀಯ. ಮುಖ ನೋಡಿದ್ರೆ ಗೊತ್ತಾಗಲ್ವಾ" ಅಂದರು.

"ಹಂಗಾದ್ರೆ ಹುಡುಗಂದು ತಪ್ಪಿಲ್ಲ ಅಂತ ಯಾವಾಗ ಗೊತ್ತಾಯ್ತು?"

"ಅವನು ಹೋದ ವಾರಕ್ಕೇ. ಬಟನ್ ಒತ್ತಿ ಒತ್ತಿ ನೋಡ್ದೆ. ನನ್ ಕಡೇದೂ ಸರಿಯಾಗೇ ಇತ್ತು."

"ಅವತ್ತೇ ಹೋಗಿ ಕರ್ಕೊಂಡ್ ಬರ್ಬೋದಿತ್ತಲ್ಲ."

"ಏನಂತ ಕರೀಲಿ. ಅದನ್ನ ಎತ್ತಿದ್ರೆ ನಿನ್ ಕಿವಿ ವಿಷ್ಯ ಎತ್ಬೇಕಿತ್ತು. ನೀನಾಗೇ ಹೇಳ್ತೀಯ ಅಂತ ಕಾದೆ. ನೀನು ಹೇಳೋ ಹೊತ್ತಿಗೆ ಎಲ್ಲಾ ಹಳೇದಾಗೋಗಿತ್ತು" ಅಂದರು.

ನನಗೆ ಅಳು ಬರಲಿಲ್ಲ ಕಣೋ, ಸಿಟ್ಟು ಬಂತು. ಇಬ್ಬರ ಮೇಲೂ ಬಂತು. ನನಗೆ ಕೇಳಿಸಲಿ ಅಂತ ನೀನೊಂದು ಮಾಡಿದೆ, ಅವರೊಂದು ಮಾಡಿದರು. ನನಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ನನ್ನ ಮರ್ಯಾದೆ ಉಳಿಸಲು ಹೋಗಿ ನನ್ನ ಮಗನನ್ನೇ ಮದುವೆ ಮನೆಗಳಲ್ಲಿ ದೂರದಿಂದ ನೋಡುವ ಹಾಗೆ ಮಾಡಿದಿರಿ. ನಿಮ್ಮಿಬ್ಬರ ನಡುವೆ ನಿಂತು ನಿಂತು ನನಗೆ ಸುಸ್ತಾಗಿದೆ. ನನ್ನ ಕೆಲಸ, ನನ್ನ ಕಿವಿ, ಎರಡಕ್ಕಿಂತಲೂ ನನಗೆ ನೀನು ಹೆಚ್ಚಾಗಿದ್ದೆ, ಅದನ್ನು ನನ್ನನ್ನು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ.

ಕಾರು ಈ ತಿಂಗಳು ಇಪ್ಪತ್ತನೇ ತಾರೀಕು ಭಾನುವಾರ ಹೋಗುತ್ತದೆ. ದೇವನಹಳ್ಳಿ ಕಡೆಯವರು, ಸಂಜೆ ಬಂದು ತೆಗೆದುಕೊಂಡು ಹೋಗುತ್ತಾರೆ. ಅಷ್ಟರೊಳಗೆ ಕಂಪನಿ ಸ್ಪೀಕರ್ ಕೂರಿಸಬೇಕು. ಬಾ ಅಂತ ಬರೆಯುವುದಿಲ್ಲ. ಆ ಮಾತು ಬರೆಯಬೇಕಾದವಳು ನಾನಲ್ಲ, ಅವರಿಗೂ ಅದನ್ನೇ ಹೇಳಿದ್ದೇನೆ. ಪೆನ್ನು ಟೇಬಲ್ ಮೇಲೆ ಇಟ್ಟು ಬಂದಿದ್ದೇನೆ.

ಅಮ್ಮ


ಕೊಡಿಗೇಹಳ್ಳಿ
16 ಏಪ್ರಿಲ್ 2025

ವಿಜಯ್ ಕುಮಾರನಿಗೆ,

ಅಕ್ಷರ ಸಾಲು ತಪ್ಪಿದರೆ ಕಣ್ಣಿನ ದೋಷ ಎಂದು ತಿಳಿಯುವುದು.

ಅಟ್ಟದಿಂದ ಡಬ್ಬ ಇಳಿಸಿದ್ದೇನೆ. ನೀನು ಹಾಕಿದ ಟೇಪ್ ಹಾಗೆಯೇ ಇದೆ, ಇಲಿ ಮುಟ್ಟಿಲ್ಲ. ಕಂಪನಿ ಸ್ಪೀಕರ್ ಕೂರಿಸುವ ಕೆಲಸ ಬೇರೆಯವರಿಂದಲೂ ಆಗುತ್ತದೆ ಎಂದು ನೀನು ಬರೆದದ್ದನ್ನು ನಿಮ್ಮಮ್ಮ ಓದಿ ಹೇಳಿದಳು. ನಿಜ. ಆದರೆ ನೀನು ಹಾಕಿದ ಸ್ಪೀಕರನ್ನು ಬಿಚ್ಚಿದ ಮೇಲೆ ಏನು ಮಾಡುವುದು? ನಿಮ್ಮಮ್ಮನ ಮಂಚದ ಹತ್ತಿರ ಮರದ ಪೆಟ್ಟಿಗೆ ಮಾಡಿ ಅದರೊಳಗೆ ಕೂರಿಸಿದರೆ ರೇಡಿಯೋ ಕೇಳಬಹುದು ಎಂದು ನನಗೆ ತೋರಿತು. ಹಲಗೆ ಕೊಯ್ಯಿಸಿ ತಂದಿಟ್ಟಿದ್ದೇನೆ. ಅಳತೆ ಸರಿಯಿಲ್ಲದಿರಬಹುದು. ಗೂಡು ಎಷ್ಟಿರಬೇಕು, ವೈರು ಎಲ್ಲಿಗೆ ಹೋಗಬೇಕು ನನಗೆ ತಿಳಿಯದು. ಅದಕ್ಕೆ ನೀನೇ ಬೇಕು.

ಎರಡನ್ನೂ ಅವಳ ಎಡಗಡೆಗೇ ಇಡು. ನನ್ನ ಕಡೆಗೆ ಬೇಡ. ನನ್ನ ಕಡೆ ಸದ್ದಿಲ್ಲದೆ ಇಷ್ಟು ವರ್ಷ ಕಳೆದಿದ್ದೇನೆ, ಅಭ್ಯಾಸವಾಗಿದೆ.

ಭಾನುವಾರ ಬಾ. ಅವತ್ತು ಗೇಟಿನ ಮುಂದೆ ಆಡಿದ ಮಾತು ನನಗೂ ನೆನಪಿದೆ. ಸೋಮನಾಥನಿಗೂ ಬರಲು ಹೇಳಿದ್ದೇನೆ. ಆ ಕೆಲಸ ಸರಿಯಾಗಿತ್ತು ಎಂದು ಅವನ ಎದುರಿಗೇ ಹೇಳಬೇಕು.

ಮಧ್ಯಾಹ್ನದ ಊಟ ಇಲ್ಲೇ.

ಇತಿ,
ಹನುಮಯ್ಯ


ಆರ್.ಟಿ. ನಗರ
17 ಏಪ್ರಿಲ್ 2025

ಅಪ್ಪ,

ಭಾನುವಾರ ಬೆಳಗ್ಗೆ ಬರ್ತೀನಿ. ಕಾರನ್ನು ಬಿಸಿಲಲ್ಲಿ ನಿಲ್ಲಿಸಬೇಡ, ಡೋರ್ ಪ್ಯಾಡಿನ ಕ್ಲಿಪ್ಪುಗಳು ಹಳೆಯದಾಗಿವೆ, ಬಿಸಿಗೆ ಮುರಿಯುತ್ತವೆ. ಹಲಗೆಯ ಅಳತೆ ತಪ್ಪಿದ್ದರೆ ಸರಿಮಾಡಿಕೊಳ್ಳೋಣ. ಸೋಮನಾಥ ಅಂಕಲ್‌ನ ಕರೆಯುವುದು ಬೇಡ, ಸಾಕು.

ನಾನು ಬರುವ ತನಕ ಬ್ಯಾಟರಿ ಬಿಚ್ಚಬೇಡ. ಬಿಚ್ಚುವ ಮೊದಲು ಅಮ್ಮ ಎಡಗಡೆ ಸೀಟಿನಲ್ಲಿ ಕೂತು ತನ್ನ ರೇಡಿಯೋ ಒಂದು ಸಲ ಪೂರ್ತಿ ಕೇಳಲಿ. ಆಮೇಲೆ ನೀನು ನಿನ್ನ ಸೀಟಿನಲ್ಲಿ ಕೂರಬೇಕು. ಬ್ಯಾಲೆನ್ಸ್ ಬಲಕ್ಕೆ ತಿರುಗಿಸಿ ನಿನಗೆ ಒಂದು ಹಾಡು ಹಾಕ್ತೀನಿ, ಮಧ್ಯೆ ಎದ್ದು ಹೋಗಬಾರದು. ನಿನ್ನ ಬಾಗಿಲಿನ ಸ್ಪೀಕರನ್ನೂ ನಿನಗೆ ಅಂತಲೇ ಆರಿಸಿ ತಂದಿದ್ದೆ.

ವಿಜಿ